ಹಪ್ಪಳಕ್ಕೊಂದು ಅಲಾರಾಂ

ಕಳೆದ ಮಂಗಳವಾರ ನಮ್ಮ ತಾರಸಿಯಲ್ಲಿ ಮಾತ್ರ ಮಳೆ ಬಂತು. ನಮ್ಮೂರು ನಾವುಂದದಲ್ಲಿ ಬೇರೆಲ್ಲೂ ಇಲ್ಲ, ಪಕ್ಕದ ಅಂಗಳದಲ್ಲೂ ಇಲ್ಲ. ಹಾಗಂತ ಹೇಳಿದ್ದು ನಾನಲ್ಲ, ನನ್ನ ಅಲಾರಾಂ!

ಮುಂಬೈ ಆಫೀಸಿನಲ್ಲಿ ಪ್ರೋಗ್ರಾಂ ಬರೆದು ರಿಟೈರ್ ಆದವಳು ನಾನು. ಈಗ ಊರಿನಲ್ಲಿ ಅತ್ತಿಗೆಯ ಜೊತೆ ಇದ್ದೇನೆ. ಮೇ ಬಂತೆಂದರೆ ಅತ್ತಿಗೆ ನನ್ನ ಕೈಗೆ ಸಿಗುವುದಿಲ್ಲ. ತಾರಸಿಯಲ್ಲಿ ಹಲಸಿನ ಹಪ್ಪಳ, ಹಪ್ಪಳದ ಪಕ್ಕ ಕೊಡೆ, ಕೊಡೆಯ ಅಡಿ ಅತ್ತಿಗೆ. ಕಣ್ಣು ಮೋಡದ ಮೇಲೆ. ಬಿಸಿಲು ಬೇಡ ಎಂದು ಡಾಕ್ಟರ್ ಹೇಳಿದ್ದಾರೆ. ಕೇಳುವವರು ಯಾರು? ಮಧ್ಯಾಹ್ನದ ಚಹಾ ನಾನೊಬ್ಬಳೇ ಕುಡಿಯಬೇಕು. (ಒಬ್ಬಳೇ ಕುಡಿಯುವ ಚಹಾಕ್ಕೆ ಎಷ್ಟು ಸಕ್ಕರೆ ಹಾಕಿದರೂ ಅಷ್ಟೇ.)

ಅದಕ್ಕೇ ಈ ರೈನ್ ಅಲಾರಾಂ. ತಾಮ್ರದ ಗೆರೆಗಳಿರುವ ಅಂಗೈಯಗಲದ ಪ್ಲೇಟು ತಾರಸಿಯಲ್ಲಿ, ಬಝರ್ ಅಡುಗೆಮನೆಯಲ್ಲಿ. ಪ್ಲೇಟಿಗೆ ಹನಿ ಬಿದ್ದರೆ ಬಝರ್ ಕೂಗಬೇಕು. ಪ್ರೋಗ್ರಾಂ ನನ್ನದೇ, ಸೋಲ್ಡರಿಂಗೂ ನನ್ನದೇ. ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸಿದ ಸಿಸ್ಟರ್ ಈಗ ಇದ್ದಿದ್ದರೆ ‘ನೀಟ್ ವರ್ಕ್’ ಅನ್ನುತ್ತಿದ್ದರೋ ಏನೋ.

ಬೆಳಿಗ್ಗೆಯೇ ಪ್ಲೇಟನ್ನು ಚಾಪೆಯ ಪಕ್ಕ ಇಟ್ಟು ಬಂದಿದ್ದೆ. ಮಧ್ಯಾಹ್ನ ಅತ್ತಿಗೆಯನ್ನು ಕರೆದೆ. “ಇನ್ ನೀವ್ ಕೆಳ್ಗೇ ಕೂಕಣಿ.”

“ಹೆಣೆ, ಡಬ್ಬಿ ನಂಬ್ಕಂಡ್ ಕೂಕಂಬುಕಾತ್ತಾ?” ಅಂದರು. ಆದರೂ ಇಳಿದು ಬಂದರು. ನನ್ನ ಖುಷಿ ಕೇಳಬೇಕೆ?

ಚಹಾಕ್ಕೆ ನೀರಿಟ್ಟು ಸ್ವಿಚ್ ಹಾಕಿದೆ. ಹಾಕಿದ್ದೇ ತಡ, ಬಝರ್ ಕಿರುಚಿತು! ಇಬ್ಬರೂ ಮೇಲಕ್ಕೆ ಓಡಿದೆವು. ಪಕ್ಕದ ಮನೆಯ ಜಲಜಳೂ ಓಡಿ ಬಂದಳು. ಚಾಪೆಗಳನ್ನೆಲ್ಲ ಎಳೆದು ಒಳಗೆ ಹಾಕಿ ತಲೆಯೆತ್ತಿದರೆ, ಸುಡು ಬಿಸಿಲು.

“ಅಕ್ಕಾ, ಮಳಿ ನಿಮ್ ಮಿಷಿನಿಗ್ ಮಾತ್ರ ಬಂದದ್ದಾ?” ಜಲಜ ಕೇಳಿದಳು.

ಅತ್ತಿಗೆ ಮತ್ತೆ ಕೊಡೆ ಬಿಚ್ಚಿದರು. ವೈರ್ ನೋಡಿದೆ. ಬ್ಯಾಟರಿ ನೋಡಿದೆ. ಪ್ರೋಗ್ರಾಂ ಸಾಲು ಸಾಲಾಗಿ ಓದಿದೆ. ಕೊನೆಗೆ ಪ್ಲೇಟ್ ನೋಡಲು ಹೋದರೆ ಪ್ಲೇಟೇ ಕಾಣಲಿಲ್ಲ. ಅದರ ಮೇಲೆ ದುಂಡಗೆ, ಚೆಂದಕ್ಕೆ, ಒಂದು ಹಸಿ ಹಪ್ಪಳ ಮಲಗಿತ್ತು.

“ಅತ್ತಿಗೇ, ಇದೆಂತ?”

“ಒಂದ್ ಉಳ್ದಿತ್. ಚಾಪಿಯಗೆ ಜಾಗ ಇಲ್ಲ. ಅದೊಂದ್ ಹಲ್ಗಿ ಸುಮ್ನೆ ಕಾಲಿ ಬಿದ್ಕಂಡಿತ್ತಲೆ!”

ಉಪ್ಪು ಹಾಕಿದ ಹಸಿ ಹಪ್ಪಳವೂ ಪ್ಲೇಟಿನ ಲೆಕ್ಕದಲ್ಲಿ ನೀರೇ. ಪ್ರೋಗ್ರಾಂ ಪರ್ಫೆಕ್ಟ್! ಆದರೆ ಮೇ ತಿಂಗಳ ಬಿಸಿಲಿನಲ್ಲಿ ಅಂಗೈಯಗಲ ಜಾಗ ಖಾಲಿ ಇದ್ದರೆ ನಮ್ಮೂರಿನ ಯಾವ ಹೆಂಗಸು ಬಿಟ್ಟಾಳು? ಮೂವರೂ ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಗುರುವಾರ ನಿಜವಾದ ಮಳೆ ಬಂತು. ಬಝರ್ ಕೂಗಿತು. ಒಂದು ಹಪ್ಪಳವೂ ನೆನೆಯಲಿಲ್ಲ. ಅತ್ತಿಗೆ ನೆಂಟರಿಗೆಲ್ಲ ಫೋನ್ ಮಾಡಿ, “ನಮ್ಮನಿ ಮಿಷಿನ್ ಮಳಿ ಬಪ್ಪುದ್ ಹೇಳತ್ತ್!” ಎಂದು ಕೊಚ್ಚಿಕೊಂಡರು.

ಹಾಗಾದರೆ ಇನ್ನು ಚಹಾ ಒಟ್ಟಿಗೇ ತಾನೆ? ಶುಕ್ರವಾರ ಎರಡು ಲೋಟ ಹಿಡಿದು ಹುಡುಕಿದರೆ ಅತ್ತಿಗೆ ಮತ್ತೆ ತಾರಸಿಯಲ್ಲಿ, ಕೊಡೆಯ ಅಡಿ.

“ಎಂತಕೆ ಅತ್ತಿಗೆ? ಅಲಾರಾಂ ಇತ್ತಲೆ!”

“ಅದ್ಕೇ ಮಾರಾಯ್ತಿ. ಕಾಕಿ ಬಂದ್ ಅದ್ರ ಮೇಲ್ ಕೂತ್ರೆ?”

ಕಾಗೆ ಓಡಿಸಲು ನಾನೂ ಕೊಡೆಯ ಅಡಿ ಕೂತೆ. ಚಹಾ ಒಳ್ಳೆಯದಾಗಿತ್ತು. ಹಪ್ಪಳ ಕಾಯಲು ಅಲಾರಾಂ ಮಾಡಿದ್ದಾಯಿತು; ಅಲಾರಾಂ ಕಾಯುವ ಅತ್ತಿಗೆಯನ್ನು ಕೆಳಗಿಳಿಸಲು ಯಾವ ಪ್ರೋಗ್ರಾಂ ಬರೆಯಲಿ?