ಭಟ್ಟಿ ಖಾಲಾನ ಹಳೇ ಪರಾತಗಳು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತರಂತೆ ಇರಲಿಲ್ಲ. ದಪ್ಪವಾಗಿ, ಕಪ್ಪಾಗಿ, ತುದಿಯಲ್ಲಿ ಓರೆಯಾಗಿ ಸವೆದು, ಎಮ್ಮೆಯ ಕೊಂಬಿನ ಚೂರಿನ ಹಾಗೆ ಕಾಣುತ್ತಿತ್ತು. ನಾನು ಹೊಸ ಸೊಸೆಯಾಗಿ ಹಿರೇಕೆರೂರಿನಿಂದ ಸವಣೂರಿಗೆ ಬಂದ ವಾರದಲ್ಲೇ ಅದನ್ನು ನೋಡಿದೆ. ಹಿತ್ತಲ ಗೋಡೆಯ ಆಚೆ ಬಿಳಿ ಸೀರೆಯ ಹೆಂಗಸೊಬ್ಬರು ಕುಳಿತು, ಹಳೆಯ ತಗಡಿನ ತಟ್ಟೆಯೊಂದರ ಮೂಲೆಯನ್ನು ಆ ಉಗುರಿನಿಂದ ಕೆರೆಯುತ್ತಿದ್ದರು. ಕೆರೆದು ಮೂಸಿದರು. ಆಮೇಲೆ ತಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿದು, ಕಣ್ಣು ಮುಚ್ಚಿ ಕೇಳಿದರು. ಇವರ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನಾನು ಒಳಗೆ ಓಡಿದೆ.

ನಮ್ಮ ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. "ಆಕಿ ಭಟ್ಟಿಯಾಕಿ. ಸಂತ್ಯಾಗ ಹಳೇ ಪರಾತ ತಂದಾಳ. ಇನ್ನ ಎಂಟು ದಿನಾ ಕುಂತು ಅದರ ಜಾತಕಾ ನೋಡ್ತಾಳ," ಎಂದರು.

ಓಣಿಯವರಿಗೆಲ್ಲ ಅವರು ಭಟ್ಟಿ ಖಾಲಾ. ಖಾಲಾ ಅಂದರೆ ಅವರ ಮುಸಲ್ಮಾನರ ಮನೆಮಾತಿನಲ್ಲಿ ಚಿಗವ್ವ, ತಾಯಿಯ ತಂಗಿ. ಅವರ ಗಂಡ ಧಾರವಾಡದಲ್ಲಿ ಒಬ್ಬ ಇಂಗ್ರೇಜಿ ದೊರೆಯ ಬಂಗಲೆಯಲ್ಲಿ ಅಡಿಗೆಯವನಾಗಿದ್ದನಂತೆ. ಅವನು ತೀರಿಕೊಂಡ ಮೇಲೆ ಎರಡು ಕಬ್ಬಿಣದ ಪರಾತ, ನಾನಕಟಾಯಿ ಎಂಬ ತುಪ್ಪದ ಬಿಸ್ಕೀಟು ಸುಡುವ ವಿದ್ಯೆ, ಇಷ್ಟನ್ನೇ ಕಟ್ಟಿಕೊಂಡು ಸವಣೂರಿಗೆ ಮರಳಿ, ಹಿತ್ತಲಿನಲ್ಲಿ ಇಟ್ಟಂಗಿ ಮಣ್ಣಿನ ಭಟ್ಟಿ ಕಟ್ಟಿಸಿಕೊಂಡರು. ಲಗ್ನ, ಹಬ್ಬ ಬಂದರೆ ಜನ ತಮ್ಮ ಮನೆಯ ತುಪ್ಪ, ಸಕ್ಕರೆ, ಹಿಟ್ಟು ನಾದಿಕೊಂಡು ಅವರಲ್ಲಿಗೆ ಒಯ್ಯುತ್ತಿದ್ದರು. ಬೆಂಕಿ ಅವರದು, ಪರಾತ ಅವರದು. ನಮ್ಮಂಥ ಮಡಿವಂತ ಲಿಂಗಾಯತ ಮನೆಯವರೂ ಒಯ್ಯುತ್ತಿದ್ದೆವು. ತುಪ್ಪ ನಮ್ಮದು, ಹಿಟ್ಟು ನಮ್ಮದು ಎಂಬ ನೆಪ ಇತ್ತಲ್ಲ! ಅವರ ಮನೆಯ ನೀರು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಖಾಲಾ ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುತ್ತಿರಲಿಲ್ಲ. ಮೊದಲ ಪರಾತ ಹೊರಬಂದಾಗ ಅದರಲ್ಲಿ ಒಂದನ್ನು ತೆಗೆದು, ಉಫ್ ಎಂದು ಊದಿ, ಹಿಟ್ಟು ತಂದವರ ಅಂಗೈಯಲ್ಲಿ ಇಡುತ್ತಿದ್ದರು. ಅವರು ತಿಂದು ತಲೆಯಾಡಿಸುವ ತನಕ ಎರಡನೆಯ ಪರಾತ ಒಳಗೆ ಹೋಗುತ್ತಿರಲಿಲ್ಲ.

ಹೊಸ ಪರಾತ ಪುಣೆ ಮುಂಬಯಿಯಿಂದ ಬರಬೇಕು. ಅದು ಅವರಿಗೆ ನಿಲುಕದ ಮಾತು. ಹೀಗಾಗಿ ಹಾನಗಲ್ಲಿನ ಸಂತೆ, ಬಂಕಾಪುರದ ಹಳೇ ಸಾಮಾನಿನ ಅಂಗಡಿ, ಶಿಗ್ಗಾವಿಯಲ್ಲಿ ಬಂಗಲೆಯ ಸಾಮಾನು ಹರಾಜಾಗುವ ಲಿಲಾವು, ಎಲ್ಲ ಕಡೆ ಅಲೆಯುತ್ತಿದ್ದರು. ಬೇರೆಯವರ ಮನೆಯಲ್ಲಿ ಏನೇನು ಕಂಡಿದೆಯೋ ಗೊತ್ತಿಲ್ಲದ ಪಾತ್ರೆ ಅದು. ಮೂಲೆಗಳನ್ನು ಮಡಿಚಿ ಕೂಡಿಸಿದ್ದರೆ ಒಳ್ಳೆಯದು, ಬೆಸುಗೆ ಹಚ್ಚಿದ್ದರೆ ಬೆಂಕಿಗೆ ಬಿಟ್ಟುಕೊಳ್ಳುತ್ತದೆ. ಬೀಡಿನದಾದರೆ, ಎಂದರೆ ಎರಕದ ಕಬ್ಬಿಣದ್ದಾದರೆ, ಬಡಿದಾಗ ಠಣ್ ಎನ್ನಬೇಕು, ಥಪ್ ಎಂದರೆ ಎಲ್ಲೋ ಸೀಳಿದೆ. ಬಿಸಿನೀರು ಸುರಿದು ಮುಚ್ಚಿಟ್ಟು ತೆರೆದಾಗ ಸೀಮೆಎಣ್ಣೆಯ ವಾಸನೆ ಬಂದರೆ, ದೇವರೇ ಕೊಟ್ಟರೂ ಒಲ್ಲೆ ಎನ್ನುತ್ತಿದ್ದರು. ಮಾರುವವನು "ಇದರಾಗ ಏನೂ ಇಟ್ಟಿಲ್ರೀ" ಎಂದು ಆಣೆ ಹಾಕಿದರೆ, "ನಿನ್ನ ಕೇಳಿಲ್ಲಪಾ, ಪರಾತನ್ನ ಕೇಳಾಕತ್ತೇನಿ" ಎನ್ನುತ್ತಿದ್ದರು.

ಆಯ್ದು ತಂದದ್ದನ್ನೂ ಕೂಡಲೇ ಭಟ್ಟಿಗೆ ಬಿಡುತ್ತಿರಲಿಲ್ಲ. ಬೂದಿನೀರಿನಲ್ಲಿ ಕುದಿಸಿ, ತುಪ್ಪ ಸವರಿ, ಬರಿದೇ ಒಂದು ಸಲ ಕಾಯಿಸುತ್ತಿದ್ದರು. ಅದರಲ್ಲಿ ಸುಟ್ಟ ಮೊದಲ ಉಂಡೆ ಬೆಂಕಿಗೆ ಹೋಗಬೇಕು. ಎರಡನೆಯದನ್ನು ತಾವೇ ತಿಂದು ಒಂದು ಹಗಲು, ಒಂದು ಇರುಳು ಕಾಯಬೇಕು. ಮೂರನೆಯದು ಮಾತ್ರ ಮಂದಿಗೆ.

ನಾನು ಒಮ್ಮೆ ತವರಿನಿಂದ ಬರುವಾಗ ಹಾನಗಲ್ಲಿನ ಸಂತೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಒಂದು ಪರಾತ ಕೊಂಡು ತಂದೆ. ಗೋಡೆಯ ಈಚೆ ನಿಂತು ದಿನಾ ನೋಡಿ ಕಲಿತು, ಖಾಲಾನಿಗೆ ಸರಿಯಾದ ಶಿಷ್ಯೆಯಾಗಿದ್ದೇನೆಂಬ ಜಂಬ. ಅವರು ಅದರ ಮೇಲೆ ಎರಡು ಹನಿ ನಿಂಬೆಹುಳಿ ಹಿಂಡಿದರು. ಹುಳಿ ಬಿದ್ದಲ್ಲಿ ಸಣ್ಣಗೆ ನೊರೆ ಎದ್ದು, ಹೊಳಪು ಹೋಗಿ ಮಸುಕಾದ ಕಲೆ ಉಳಿಯಿತು.

"ಇದು ಜಸ್ತದ ನೀರು ಕುಡಿಸಿದ ತಗಡು ಬೇಟಿ. ಬಕೀಟ ಮಾಡಾಕ ಚೊಲೋ. ಹೊಟ್ಟಿಗಲ್ಲ."

ಸತುವನ್ನು ಅವರು ಜಸ್ತ ಎನ್ನುತ್ತಿದ್ದರು. ಮಾತು ಮುಗಿಸಿದವರೇ ಮೊಳೆ, ಕಲ್ಲು ತಂದು ಅದರ ನಟ್ಟನಡುವೆ ತೂತು ಹೊಡೆದುಬಿಟ್ಟರು. ನನಗೆ ಅಳು ಬಂತು. "ಹೊಳ್ಳಿ ಮಾರತಿದ್ದೆ ಅಲ್ರೀ ಖಾಲಾ!" ಎಂದೆ.

"ಅದಕ್ಕ ಹೊಡದೆ," ಎಂದರು. "ನೀ ಮಾರತಿದ್ದಿ, ಕೊಂಡಾಕಿ ಸುಡತಿದ್ಲು."

ಕೆಟ್ಟ ಪಾತ್ರೆ ಕೈಗೆ ಬಂದರೆ ಅದು ಇನ್ನೊಬ್ಬರ ಕೈಗೆ ದಾಟದಂತೆ ತೂತು ಹೊಡೆಯುವುದು ಅವರ ಪದ್ಧತಿ. ನಾನು ಸಿಟ್ಟಿನಿಂದ ಅದರಲ್ಲಿ ಮಣ್ಣು ತುಂಬಿ ಕೊತ್ತಂಬರಿ ಬಿತ್ತಿದೆ. ಚೆನ್ನಾಗಿಯೇ ಬಂತು.

ಖಾಲಾನ ನಿಜವಾದ ಆಸ್ತಿ ಎಂದರೆ ಶಿಗ್ಗಾವಿಯ ಲಿಲಾವಿನಲ್ಲಿ ಸಿಕ್ಕ ಮೂರು ದೊಡ್ಡ ತಾಮ್ರದ ಪರಾತಗಳು. ದಪ್ಪ ತಳ, ಒಳಗೆ ಕಲಾಯಿ. ಅವು ಇದ್ದುದರಿಂದಲೇ ಲಗ್ನದ ಕೆಲಸ ಹಿಡಿಯಲು ಸಾಧ್ಯವಾಗುತ್ತಿತ್ತು. ವರ್ಷಕ್ಕೊಮ್ಮೆ ಕಲಾಯಿ ಹಾಕಿಸಲೇಬೇಕು, ಇಲ್ಲದಿದ್ದರೆ ತಾಮ್ರ ಕಿಲುಬು ಬಿಡುತ್ತದೆ. ಆದರೆ ಲಡಾಯಿ ಜೋರಾಗಿ, ಸಿಂಗಾಪುರ ಬಿದ್ದ ಸುದ್ದಿ ಬಂದ ಮೇಲೆ, ಆ ಕಡೆಯಿಂದ ಬರುತ್ತಿದ್ದ, ಕಲಾಯಿಗೆ ಬೇಕಾದ ತವರ ಎಲ್ಲೂ ಸಿಗದಾಯಿತು. ನಮ್ಮ ಕಡೆಯ ಕಲಾಯಿಗಾರರು ತಿದಿ ಕಟ್ಟಿಟ್ಟು ಬೇರೆ ಕೂಲಿ ಹಿಡಿದರು. ಖಾಲಾ ಎರಡು ವರ್ಷ ಆ ಪರಾತಗಳನ್ನು ಗೋಡೆಗೆ ಒರಗಿಸಿಯೇ ಇಟ್ಟಿದ್ದರು.

ಆಗಲೇ ನನ್ನ ಮೈದುನನ ಲಗ್ನ ಗೊತ್ತಾಯಿತು. ಅತ್ತೆಗೆ ಬುಂದಿ ಉಂಡಿಯ ಮನಸ್ಸು. ನಾನೇ ಹಟ ಹಿಡಿದು, "ನಾನಕಟಾಯಿ ಮಾಡಿಸೂಣ್ರಿ, ಬೀಗರ ಬುಟ್ಟಿಗೆ ಛಂದ ಕಾಣ್ತೇತಿ. ಜವಾಬ್ದಾರಿ ನಂದು" ಎಂದೆ. ಖಾಲಾನ ಭಟ್ಟಿ ಆರಿ ಕುಳಿತದ್ದು ನನ್ನಿಂದ ನೋಡಲಾಗುತ್ತಿರಲಿಲ್ಲ, ಅದೂ ಇತ್ತು. ಸಕ್ಕರೆ ರೇಶನ್ನಿನ ಕಾಲ. ಚಹಾಕ್ಕೂ ಬೆಲ್ಲ ಹಾಕಿ ಆರು ತಿಂಗಳು ಕೂಡಿಸಿದೆವು. ಅದೇ ಹೊತ್ತಿಗೆ ಊರಿಗೆ ಪರಸ್ಥಳದ ಒಬ್ಬ ಕಲಾಯಿಗಾರ ಬಂದ. ತನ್ನಲ್ಲಿ ತವರ ಇದೆ ಎಂದ. ಲಗ್ನಕ್ಕೆ ಎರಡು ದಿನ ಇರುವಾಗ ಖಾಲಾನ ಮೂರೂ ಪರಾತ ಕನ್ನಡಿಯಂತೆ ಹೊಳೆಯುತ್ತ ಮನೆಗೆ ಬಂದವು.

ಮರುದಿನ ಬೆಳಿಗ್ಗೆ ನಾದಿದ ಹಿಟ್ಟಿನ ಮೂರು ಬುಟ್ಟಿ ಹೊರಿಸಿಕೊಂಡು ನಾನು ಅವರ ಹಿತ್ತಲಿಗೆ ಹೋದೆ. ಆಗ ನನಗೆ ನಾಲ್ಕು ತಿಂಗಳು. ಬೆವರುತ್ತ, ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಳಿತೆ. ಖಾಲಾ ಪರಾತವನ್ನು ಬಿಸಿಲಿಗೆ ಹಿಡಿದು, ಬಿಳಿ ಸೆರಗಿನ ತುದಿಯಿಂದ ಒತ್ತಿ ಉಜ್ಜಿದರು. ಸೆರಗಿನ ಮೇಲೆ ಸೀಸದ ಕಡ್ಡಿಯಿಂದ ಎಳೆದ ಹಾಗೆ ಕಪ್ಪು ಗೀಟು. ಕೂಡಲೇ ಒಂದು ಪರಾತವನ್ನು ಬರಿದೇ ಭಟ್ಟಿಯೊಳಗೆ ತಳ್ಳಿದರು. ಸ್ವಲ್ಪ ಹೊತ್ತಾದ ಮೇಲೆ ಎಳೆದು ತೆಗೆದರೆ ಕಲಾಯಿ ಕರಗಿ ಹನಿಹನಿಯಾಗಿ ತಳದಲ್ಲಿ ಓಡಾಡುತ್ತಿತ್ತು.

"ನೋಡ ಬೇಟಿ, ಬೆವರಾಕತ್ತೇತಿ. ಅಪ್ಪಟ ತವರ ಇಷ್ಟ ಬೆಂಕಿಗೆ ಮಿಸುಕಾಂಗಿಲ್ಲ. ಸೀಸಾ ಕೂಡಿಸ್ಯಾನ ಅಂವಾ. ಇದರಾಗ ಸುಡಾಕ ಬರಾಂಗಿಲ್ಲ."

ಕಲಾಯಿಗಾರ ಆಗಲೇ ಊರು ಬಿಟ್ಟಿದ್ದ. ಮನೆಯಲ್ಲಿ ಬೀಗರು ಬಂದಿಳಿಯುವ ಹೊತ್ತು. "ಬಾಳಿ ಎಲಿ ಹಾಕಿ ಸುಡ್ರಿ ಖಾಲಾ, ಕಾಗದಾ ಹಾಸ್ರಿ," ಎಂದು ಗೋಗರೆದೆ. ಅವರು ಇಲ್ಲವೆಂದು ತಲೆಯಾಡಿಸಿದರು. ನಾನು ಎದ್ದು ನಿಂತು ಕೂಗಿದೆ: "ಒಂದ ದಿನದಾಗ ಏನಾಗ್ತೇತ್ರಿ? ಯಾರ ಸಾಯ್ತಾರ?"

ಅವರು ನನ್ನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ಮೊಳೆ, ಕಲ್ಲು ತಂದರು.

"ಅಯ್ಯ, ಬ್ಯಾಡ್ರೀ! ಕೆರದು ಹೊಳ್ಳಿ ಹಾಕಿಸಿದ್ರಾತು!"

"ತವರ ಎಲ್ಲೈತಿ ಹಾಕ್ಸಾಕ? ಅಲ್ಲೀತನಾ ಇವು ಹಿಂಗ ಕಣ್ಣ ಮುಂದ ಕುಂತ್ರ ನನ್ನ ಕೈ ಸುಮ್ನ ಇರಾಂಗಿಲ್ಲ. ಇವತ್ತ ನೀ ಅಳಾಕತ್ತಿ, ನಾಳೆ ನನ್ನ ಹೊಟ್ಟಿ ಅಳ್ತೇತಿ."

ಮೂರಕ್ಕೂ ತೂತು ಹೊಡೆದರು. ಮೂರನೆಯದಕ್ಕೆ ಹೊಡೆಯುವಾಗ ಕಲ್ಲು ಜಾರಿ ಅವರ ಬೆರಳ ಮೇಲೆ ಬಿತ್ತು. ನಾನು ಆ ಬೆರಳು ನೋಡಲಿಲ್ಲ, ನನ್ನ ಮೂರು ಬುಟ್ಟಿಗಳನ್ನೇ ನೋಡುತ್ತಿದ್ದೆ.

ಸಂತೆಯ ತಗಡಿನವೆಲ್ಲ ಆಗಲೇ ಸವೆದು ಹೋಗಿದ್ದವು; ಧಾರವಾಡದಿಂದ ತಂದ ಎರಡು ಕಬ್ಬಿಣದ ಪರಾತಗಳಲ್ಲಿ ಸಂಜೆಯ ತನಕ ಸುಟ್ಟರೂ ಒಂದು ಬುಟ್ಟಿಯಷ್ಟೇ ಮುಗಿಯಿತು. ಬಿಸಿಲಿಗೆ ಉಳಿದ ಹಿಟ್ಟು ತುಪ್ಪ ಬಿಡತೊಡಗಿತ್ತು. ಅತ್ತೆ ಸೆರಗು ಕಟ್ಟಿ, ಕಬ್ಬಿಣದ ಬಾಣಲೆಯಲ್ಲಿ ಅದನ್ನು ಹುರಿದು ಉಂಡೆ ಕಟ್ಟಿಸಿದರು. ಬುಟ್ಟಿಯಲ್ಲಿ ಅರ್ಧ ನಾನಕಟಾಯಿ, ಅರ್ಧ ಪುಡಿಯಾಗುವ ಉಂಡೆ. ಬೀಗರು ನಗದೇ ಬಿಡುತ್ತಾರೆಯೇ? ಅತ್ತೆ ಎಲ್ಲರ ಎದುರಿಗೇ ಅಂದರು: "ಆ ಭಟ್ಟಿಯಾಕಿ ಮಾತ ಕಟ್ಕೊಂಡು ಕುಣದಿ. ಈಗ ನಾ ಮಾರಿ ಎಲ್ಲಿ ಇಟ್ಕೊಳ್ಲಿ?"

ಲಗ್ನ ಮುಗಿದ ಮೇಲೆ ನಾನು ಹಿತ್ತಲ ಗೋಡೆಯ ಹತ್ತಿರ ನಿಂತು, "ನಿಮಗ ನಿಮ್ಮ ಹಟಾ ದೊಡ್ಡದಾತು. ನನ್ನ ಮಾನಾ ಹೋತು. ಇನ್ನ ನಿಮ್ಮ ಭಟ್ಟಿ ಕಡೆ ಕಾಲಿಡಾಂಗಿಲ್ಲ," ಎಂದೆ. ಅವರು ಬಟ್ಟೆ ಸುತ್ತಿದ ಬೆರಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡರು. ಭಟ್ಟಿ ಖಾಲಾನಿಗೆ ಹುಚ್ಚು ಹಿಡಿದಿದೆ, ಬಂಗಾರದಂಥ ಪಾತ್ರೆ ತಾನೇ ಹಾಳು ಮಾಡಿಕೊಂಡಳು ಎಂಬ ಮಾತು ಓಣಿಯಲ್ಲಿ ಹಬ್ಬಿತು. ಅದನ್ನು ಹಬ್ಬಿಸಿದವರಲ್ಲಿ ನಾನೂ ಒಬ್ಬಳು. ಆಮೇಲೆ ಅವರಲ್ಲಿಗೆ ಲಗ್ನದ ಕೆಲಸ ಯಾರೂ ಒಯ್ಯಲಿಲ್ಲ.

ಏಳನೆಯ ತಿಂಗಳಲ್ಲಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೊರಟೆ. ಓಣಿಯ ಹಿರಿಯರಿಗೆಲ್ಲ ಹೇಳಿ ಹೋಗುವುದು ರೂಢಿ. ಖಾಲಾನಿಗೆ ಹೇಳದೆ ಹೋಗಲು ಮನಸ್ಸಾಗಲಿಲ್ಲ. "ಊರಿಗೆ ಹೊಂಟೇನ್ರಿ" ಎಂದು ಹೊಸ್ತಿಲಲ್ಲೇ ನಿಂತೆ.

"ಬಾ, ಕುಂದರು," ಎಂದರು. ನಾನು ಕುಳಿತ ಮೇಲೆ, "ಅವತ್ತ ಕೇಳಿದ್ಯಲ್ಲ, ಯಾರ ಸಾಯ್ತಾರ ಅಂತ," ಎಂದು ಶುರು ಮಾಡಿದರು.

ಸವಣೂರಿಗೆ ಬಂದ ಮೊದಲ ವರ್ಷ, ಸಂತೆಯಲ್ಲಿ ಸಿಕ್ಕ ಒಂದು ತಾಮ್ರದ ತಟ್ಟೆಯನ್ನು ಅವರು ನೋಡದೆ ಭಟ್ಟಿಗೆ ಇಟ್ಟಿದ್ದರಂತೆ. ಹೊಟ್ಟೆಪಾಡಿನ ಅವಸರ. ಹಿಟ್ಟು ತಂದಾಕೆ ತುಂಬಿದ ಬಸುರಿ. ರೂಢಿಯಂತೆ ಮೊದಲನೆಯದು ಅವಳ ಕೈಗೆ. ಎರಡು ದಿನ ವಾಂತಿ ಮಾಡಿಕೊಂಡಳು. ಹುಟ್ಟಿದ ಕೂಸು ಉಳಿಯಲಿಲ್ಲ.

"ಯಾರೂ ನನ್ನ ಬೈಲಿಲ್ಲ ಬೇಟಿ. ಯಾರಿಗೂ ಗೊತ್ತಾಗಲಿಲ್ಲ. ಅದರಿಂದನ ಹೋತು ಅಂತ ಹೆಂಗ ಹೇಳ್ಲಿ? ಅಲ್ಲಂತರ ಹೆಂಗ ಹೇಳ್ಲಿ? ಮನಿಗಿ ಬಂದು ತಟ್ಟಿ ಡಬ್ಬ ಹಾಕಿ ನೋಡಿದೆ. ಸಂದ್ಯಾಗ ಹಸರು ಕಿಲುಬು ಇತ್ತು. ಮದಲ ನೋಡಿದ್ರ ಕಾಣತಿತ್ತು. ನಾ ನೋಡಲಿಲ್ಲ." ಆಮೇಲೆ, "ಅವತ್ತ ಮದಲನೇದು ನಿನ್ನ ಕೈಯಾಗ ಇಡಬೇಕಿತ್ತು ನಾನು," ಎಂದರು.

ನಾಚಿಕೆ, ಭಯ, ದುಃಖ ಎಲ್ಲ ಒಟ್ಟಿಗೇ ನುಗ್ಗಿ ಬಂದು, "ತಪ್ಪಾತ್ರಿ ಖಾಲಾ" ಎಂದು ಬಿಕ್ಕಿದೆ. ಅವರು "ಹೊಟ್ಟಿಯಾಗ ಕೂಸಿದ್ದಾಗ ಹಿಂಗ ಅಳಬಾರ್ದು" ಎಂದು ಬೆನ್ನು ಸವರಿದರು. ನಾನೇ ಬಾಯಿಬಿಟ್ಟು ನೀರು ಕೇಳಿದೆ. ಆ ಮನೆಯಲ್ಲಿ ನಾನು ಕುಡಿದ ಮೊದಲ ನೀರು ಅದು. ಚೊಂಬು ಕೊಡುವ ಮುಂಚೆ ಅವರು ನನ್ನ ಮುಖವನ್ನು ಎರಡು ಸಲ ನೋಡಿದರು.

ಹಿರೇಕೆರೂರಿನಲ್ಲಿ ನನಗೆ ಮಗಳು ಹುಟ್ಟಿದಳು. ದುಂಡಗೆ, ಗಟ್ಟಿಯಾಗಿ, ಊರೆಲ್ಲ ಕೇಳುವಂತೆ ಅಳುವ ಮಗಳು. ಆ ನಾನಕಟಾಯಿ ತಿಂದಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗುವಂತಿಲ್ಲ. ಆದರೆ ತನ್ನ ಅನ್ನದ ಪಾತ್ರೆಗೆ ತಾನೇ ಮೊಳೆ ಹೊಡೆದು ಆ ಪ್ರಶ್ನೆ ನನ್ನ ಬಾಗಿಲಿಗೆ ಬರದಂತೆ ಮಾಡಿದವರು ಅವರು. ಈ ಋಣ ನಾನು ತೀರಿಸಲಿಲ್ಲ. ತೀರಿಸುವ ದಾರಿಯೂ ನನಗೆ ಹೊಳೆಯಲಿಲ್ಲ.

ಖಾಲಾ ಲಡಾಯಿ ಮುಗಿದ ಮರುವರ್ಷ ಚಳಿಜ್ವರದಿಂದ ತೀರಿಕೊಂಡರು. ಕೊನೆಯ ತನಕ ಎರಡು ಕಬ್ಬಿಣದ ಪರಾತದಲ್ಲಿ ಆದಷ್ಟೇ ಸುಟ್ಟು, ಆದಷ್ಟೇ ಉಂಡರು. ಅವರನ್ನು ಹೊತ್ತು ಒಯ್ಯುವಾಗ ಅತ್ತೆ ನನ್ನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತರು. ಆಗ ನಾನು ತಡೆದುಕೊಳ್ಳಲಾರದೆ, ಆ ಮೂರು ಪರಾತಗಳಿಗೆ ಯಾಕೆ ತೂತು ಬಿತ್ತು, ಮೊದಲನೆಯದನ್ನು ಯಾರು ತಿನ್ನುವುದಿತ್ತು, ಎಲ್ಲ ಹೇಳಿದೆ.

ಜನ ಓಣಿ ತಿರುಗಿ ಕಾಣದಾದರು. ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡು, ಅತ್ತೆ ಮೆಲ್ಲಗೆ ಅಂದರು:

"ಆಕಿ ಇರೂತನಕ ನಮಗ ಪಾತ್ರಿ ತಳಾ ನೋಡೂ ಕೆಲಸನ ಇರಲಿಲ್ಲ ನೋಡವಾ. ಆಕಿನ್ನ ಬೈಕೋತ ತಿಂದ್ವಿ."