ಹಳದಿ ಕಾರೂ ಮೂರನೇ ಮುದ್ದೆಯೂ

ಸುಬ್ರಹ್ಮಣ್ಯಪುರದ ಬೈರಣ್ಣನವರ ಮಹಡಿಗೆ ಬಾಡಿಗೆಗೆ ಬಂದು ನಾಲ್ಕು ತಿಂಗಳಾಗುವ ತನಕ ಗೌರೀಶಂಕರ ತಮ್ಮ ಮನೆ ಓನರನ್ನು ಬರೀ ಶೋಕಿಯ ಮನುಷ್ಯ ಎಂದೇ ತಿಳಿದಿದ್ದರು. ಹಾಗೆ ತಿಳಿಯಲು ಅವರ ಬಳಿ ಸಾಕ್ಷ್ಯವೂ ಇತ್ತು. ವಾರವಿಡೀ ಪಟ್ಟಾಪಟ್ಟಿ ಚಡ್ಡಿಯಲ್ಲಿ ನೀರಿನ ವಾಲ್ವು ತಿರುಗಿಸಿಕೊಂಡಿರುವ, ಅರವತ್ತು ದಾಟಿದ ಈ ಮನುಷ್ಯ ಭಾನುವಾರ ಬಂತೆಂದರೆ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಸ್ಕೂಟರ್ ಹತ್ತಿ, ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗಳನ್ನು ಸುತ್ತುತ್ತಿದ್ದರು. ಅದೂ ಮನೆಮಂದಿ ಕೂತು ಹೋಗುವಂಥ ಕಾರಿಗಲ್ಲ. ಸ್ಪೋರ್ಟ್ಸ್ ಕಾರಿಗೆ.

“ಹೊಲ ಎಲ್ಲ ಸೈಟಾದ್ಮೇಲೆ ಹೀಗೇ ಆಗೋದು. ಮೊದಲು ಚಿನ್ನದ ಚೈನು, ಆಮೇಲೆ ಕಾರು,” ಎಂದು ಹೆಂಡತಿ ವಿಮಲಾಗೆ ವಿವರಿಸಿದರು.

“ಅವರ ಕೊರಳಲ್ಲಿ ಚೈನೇ ಇಲ್ವಲ್ಲ,” ಎಂದರು ವಿಮಲಾ.

“ಅದನ್ನೇ ಹೇಳ್ತಿರೋದು. ಆ ಹಂತ ದಾಟಿಬಿಟ್ಟಿದ್ದಾರೆ.”

ಗೌರೀಶಂಕರ ಮೂವತ್ತೊಂದು ವರ್ಷ ಕಾರ್ಖಾನೆಯೊಂದರ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಿಂತದ್ದು ಸಂಬಳ ಮಾತ್ರ, ಕಂಟ್ರೋಲು ಮುಂದುವರಿದಿತ್ತು. ವಿಮಲಾ ತಂದ ತೊಂಡೆಕಾಯಿ ಕೂಡ ಅವರ ಕೈ ದಾಟಿಯೇ ಅಡುಗೆಮನೆ ಸೇರಬೇಕು. ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಬೈರಣ್ಣ ಮೆಟ್ಟಿಲು ಹತ್ತಿ ಬಂದು, “ಸಾರ್, ಸೈಲೆನ್ಸರ್ ಚೇಂಜ್ ಮಾಡ್ಸಿರೋ ಗಾಡಿ ತಗಬೋದಾ? ಒಂದ್ಸಲ ಬಂದು ನೋಡ್ತೀರಾ?” ಎಂದು ಕೇಳಿದಾಗ ಅವರಿಗೆ ಮತ್ತೆ ಕೆಲಸಕ್ಕೆ ಕರೆದಷ್ಟು ಸಂತೋಷವಾಯಿತು. ನಲವತ್ತೆರಡು ಕಾಲಮ್ಮಿನ ಪಟ್ಟಿ ಬರೆದು ರಟ್ಟಿನ ಪ್ಯಾಡಿಗೆ ಸಿಕ್ಕಿಸಿದರು. ಹಳೇ ಪೆಟ್ಟು ಮುಚ್ಚಲು ಬಣ್ಣದಡಿ ಪುಟ್ಟಿ ಮೆತ್ತಿದ್ದರೆ ಕಂಡುಹಿಡಿಯಲು ಆಯಸ್ಕಾಂತ ಬೇಕಲ್ಲ, ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದ್ದ ಗಣಪತಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು.

ಅಂಗಡಿ ಜೆ.ಪಿ. ನಗರದಲ್ಲಿತ್ತು. ಕಾರು ಹಳದಿ ಬಣ್ಣದ್ದು, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂತಿತ್ತು. ಗೌರೀಶಂಕರ ಅದರ ಮೈಮೇಲೆಲ್ಲ ಗಣಪತಿಯನ್ನು ಓಡಾಡಿಸಿದರು. ಟಾರ್ಚು ಹಿಡಿದು ಬಗ್ಗಿದರು, ಏಳುವಾಗ ಬೈರಣ್ಣನ ಕೈ ಹಿಡಿದರು.

“ಸಸ್ಪೆನ್ಷನ್ ತಗ್ಗಿಸಿದ್ದಾರೆ. ನಮ್ಮ ಏರಿಯಾದ ರೋಡ್ ಹಂಪುಗಳಿಗೆ ಹೊಟ್ಟೆ ಉಜ್ಜುತ್ತೆ. ಸೈಲೆನ್ಸರ್ ಕಂಪನಿದಲ್ಲ, ಪೊಲೀಸರು ಕಂಡ್ರೆ ಕಿತ್ತು ರೋಡ್ ರೋಲರ್ ಹತ್ತಿಸ್ತಾರೆ. ಗೇರಿನ ಮೇಲೆ ಅದ್ಯಾವುದೋ ಮರದ ಗುಂಡು ಕೂರಿಸಿದ್ದಾರೆ, ಎಂಥ ಅನಾಗರಿಕ ಕೆಲಸ.”

“ಎಡಗಡೆ ಬಾಗ್ಲು ಕೆಳಗೆ ಒಂದು ಗೀರೈತೆ ನೋಡಿ ಸಾರ್,” ಎಂದರು ಬೈರಣ್ಣ.

ಗೌರೀಶಂಕರ ಬಗ್ಗಿ ನೋಡಿದರು. ಇತ್ತು. ಬೈರಣ್ಣ ನಿಂತಿದ್ದದ್ದು ಬಲಗಡೆ.

“ನಿಮಗೆ ಹೇಗೆ ಗೊತ್ತಾಯ್ತು?”

“ನಮ್ ಗೇಟಿಗೇ ತಗ್ಲಿದ್ದು. ಶಿವರಾಮ ರಿವರ್ಸ್ ತಗೊಳ್ವಾಗ ನಾನೇ ಬಾ ಬಾ ಅಂದಿದ್ದೆ.”

ಶಿವರಾಮ ಅವರ ಒಬ್ಬನೇ ಮಗ. ಅವನು ಆಸೆಪಟ್ಟು ಕೊಂಡು, ಕೈಯಾರೆ ಬಿಚ್ಚಿ, ಬದಲಾಯಿಸಿ, ಮತ್ತೆ ಜೋಡಿಸಿದ ಕಾರು ಇದು. ಆ ಗೇರಿನ ಗುಂಡು ಅವನ ತಾತನ ಎತ್ತಿನ ಗಾಡಿಯ ನೊಗದ ತುಂಡಿನಿಂದ ಕಡೆಸಿದ್ದು. ಈ ಕಾರೇ ಅವನನ್ನು ತಿಂದುಹಾಕುತ್ತದೆ ಎಂದು ನೆಂಟರಿಷ್ಟರೆಲ್ಲ ಹೆದರಿಸುತ್ತಿದ್ದರು. ಬೈರಣ್ಣ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಹರಕೆ ಕಟ್ಟಿಕೊಂಡಿದ್ದರು. ಕಾರು ಏನೂ ಮಾಡಲಿಲ್ಲ.

“ಡೆಂಗ್ಯೂ ಬಂತು ಸಾರ್. ಐದು ದಿನ,” ಎಂದರು ಬೈರಣ್ಣ. ಆರನೆಯ ದಿನದ ಮಾತು ಅವರ ಬಾಯಿಂದ ಬರಲಿಲ್ಲ. ಗೌರೀಶಂಕರ ಕೈಯಲ್ಲಿದ್ದ ಗಣಪತಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

ತಿಥಿ ಮುಗಿದ ವಾರಕ್ಕೇ ಕಣ್ಣೆದುರು ನಿಂತ ಕಾರನ್ನು ನೋಡಲಾರದೆ ಬೈರಣ್ಣ ಬಂದವರಿಗೆ ಕೊಟ್ಟುಬಿಟ್ಟಿದ್ದರು. ಅಂದು ಸಂಜೆ ಹೆಂಡತಿ ಬೈರಮ್ಮ ಒಂದೇ ಮಾತು ಕೇಳಿದ್ದರು: “ಹಗ್ಗ ಇಟ್ಕಂಡ್ರಾ?”

ಅವರ ಮನೆತನದಲ್ಲಿ ದನ ಮಾರಿದರೆ ಹಗ್ಗ ಕೊಡುವ ಪದ್ಧತಿಯಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೇ ಹಗ್ಗ ಕೊಟ್ಟಿಗೆಯ ಗೂಟದಲ್ಲೇ ಉಳಿಯಬೇಕು, ಇಲ್ಲವಾದರೆ ಕೊಟ್ಟಿಗೆಯೇ ಅದರ ಹಿಂದೆ ಹೊರಟುಹೋಗುತ್ತದೆ. ಮುದಿ ಎತ್ತು ಮಾರಿದಾಗಲೂ ಇದನ್ನು ಮರೆಯದಿದ್ದ ಬೈರಣ್ಣ ಕಾರು ಮಾರುವಾಗ ಮರೆತರು; ನೊಗದ ಗುಂಡೂ ಕಾರಿನ ಜೊತೆಗೇ ಹೋಗಿತ್ತು. ಬೈರಮ್ಮ ಮತ್ತೆ ಆ ಮಾತೆತ್ತಲಿಲ್ಲ. ಅಂದಿನಿಂದ ಎರಡು ವರ್ಷ ಬೈರಣ್ಣ ಪ್ರತಿ ಭಾನುವಾರ ಆ ಕಾರನ್ನು ಹುಡುಕಿದ್ದರು.

ಅಂಗಡಿಯ ವಿಷ್ಣುವಿಗೆ ಇದೊಂದೂ ಗೊತ್ತಿರಲಿಲ್ಲ. “ಅಂಕಲ್, ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ. ಈಗಲೇ ಹೇಳ್ಬಿಡಿ. ಸೈಲೆನ್ಸರ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಯಾರು ತಗೊಂಡ್ರೂ ಕಂಪನೀದು ಹಾಕ್ಸೇ ಕೊಡೋದು. ಆ ಮರದ ಗುಂಡೂ ತೆಗೆದುಬಿಡ್ತೀವಿ. ಹೊಸಾ ಗಾಡಿ ಥರಾ ಇರುತ್ತೆ.”

“ಹೊಸಾ ಗಾಡಿ ನಂಗ್ಯಾಕಪ್ಪ,” ಎಂದರು ಬೈರಣ್ಣ. “ಇದ್ನ ಇರೋ ಹಂಗೇ ಒಂದು ರೌಂಡ್ ಓಡ್ಸಲಾ?”

ಒತ್ತೆಯಾಗಿ ಸ್ಕೂಟರಿನ ಕೀಲಿ ಇಟ್ಟು ಹೊರಟರು. ಮಗನಿದ್ದಾಗ ಬೈರಣ್ಣ ಆ ಕಾರಿನ ಚಾಲಕನ ಸೀಟಿನಲ್ಲಿ ಒಮ್ಮೆಯೂ ಕೂತವರಲ್ಲ. ಈಗ ಮದುಮಗನ ಮೆರವಣಿಗೆಯ ವೇಗದಲ್ಲಿ ಓಡಿಸಿದರು. ಹಾಗೆ ಓಡಿಸಿದರೂ ಅದು ಕೆರಳಿದ ಕೋಣದಂತೆ ಗುಟುರು ಹಾಕುತ್ತಿತ್ತು. ಗೌರೀಶಂಕರ ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ಇನ್ನೊಂದರಲ್ಲಿ “ಶಬ್ದ: ವಿಪರೀತ” ಎಂದು ಬರೆದರು.

“ಈ ಸದ್ದಿಗೆ ನಾನು ದಿನಾ ಉಗೀತಿದ್ದೆ ಸಾರ್,” ಎಂದರು ಬೈರಣ್ಣ. “ಆದ್ರೆ ನಮ್ಮನೆಯೋಳು ಗಡಿಯಾರ ನೋಡ್ತಿರ್ಲಿಲ್ಲ. ಮೇನ್ ರೋಡ್ ಬಿಟ್ಟು ಗಾಡಿ ಒಳಕ್ಕೆ ತಿರುಗ್ತಿದ್ದಂಗೆ ಕೇಳೋದು. ಆವಾಗ ಮುದ್ದೆ ತೊಳ್ಸಕ್ಕೆ ಸುರು ಮಾಡೋಳು. ಮೂರು ತಿರುವು ದಾಟಿ ಅವ್ನು ಬಂದು ಕೈ ತೊಳ್ಕಳೋ ಹೊತ್ಗೆ ಬಿಸಿಬಿಸಿ ಮುದ್ದೆ ತಟ್ಟೆಗೆ ಬೀಳೋದು. ಒಂದಿನಾನೂ ತಪ್ಪಿಲ್ಲ.”

ಮಾತಿನ ಗುಂಗಿನಲ್ಲಿ ಉತ್ತರಹಳ್ಳಿ ರಸ್ತೆ ಬಂದಿತ್ತು. ಕೈ ತಾನಾಗಿ ಮನೆಯ ದಾರಿಗೆ ತಿರುಗಿತು. ಒಳರಸ್ತೆ ಭಾನುವಾರದ ಮಧ್ಯಾಹ್ನದ ಜೊಂಪಿನಲ್ಲಿತ್ತು. ಕಾರಿನ ಸದ್ದು ಗೋಡೆಯಿಂದ ಗೋಡೆಗೆ ಹಾಯ್ದು ಮುಂದೆ ಓಡಿತು. ಬೈರಣ್ಣ ಗಕ್ಕನೆ ನಿಲ್ಲಿಸಿ ಎಂಜಿನ್ ಆರಿಸಿದರು.

ಫೋನು ಬಡಿದುಕೊಂಡಿತು. ಅವರು ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವವರು.

“ಎಲ್ಲಿದ್ದೀರಿ?” ಬೈರಮ್ಮನ ದನಿ.

“ಜೆ.ಪಿ. ನಗರದಲ್ಲಿ. ಯಾಕೆ?”

“ಏನಿಲ್ಲ. ಯಾವ್ದೋ ಗಾಡಿ ಸದ್ದು ಕೇಳ್ದಂಗಾಯ್ತು.” ಕೋಲು ಪಾತ್ರೆಗೆ ತಗುಲಿದ ಸದ್ದು. “ಮುದ್ದೆ ತೊಳ್ಸಕ್ಕೆ ಕೂತ್ಬುಟ್ಟೆ.”

“ಯಾವ್ದೋ ಬೇರೆ ಗಾಡಿ ಇರ್ಬೇಕು ಕಣೆ. ಬತ್ತೀನಿ ಇರು.”

ಫೋನನ್ನು ಜೇಬಿಗಿಟ್ಟು ಬೈರಣ್ಣ ಸ್ಟೇರಿಂಗ್ ಹಿಡಿದು ಕೂತರು. ಏನಾದರೂ ಹೇಳಬೇಕಲ್ಲ ಎಂದು ಗೌರೀಶಂಕರ, “ಒಳ್ಳೇದೇ ಆಯ್ತು ಬಿಡಿ, ಊಟದ ಹೊತ್ತು. ಹೋಗಿ ತಿನ್ನೋದು,” ಎಂದರು.

“ಮನೇಲಿ ನಾವಿಬ್ರೇ ಸಾರ್. ಈ ಸದ್ದು ಕೇಳಿದ್ರೆ ಅವ್ಳು ಮೂರು ಕಟ್ತಾಳೆ. ಇದ್ನ ತಗಂಡೋಗಿ ಗೇಟ್ ಮುಂದೆ ನಿಲ್ಲಿಸಿದ್ರೆ, ದಿನಾ ಮೂರು ಕಟ್ತಾಳೆ.”

ಎಂಜಿನ್ ಮತ್ತೆ ಹಚ್ಚುವಂತಿರಲಿಲ್ಲ. ಇಬ್ಬರೂ ಇಳಿದರು. ಗಂಟೆಗೆ ಇನ್ನೂರು ಕಿಲೋಮೀಟರ್ ಓಡಲೆಂದು ಹುಟ್ಟಿದ ಕಾರನ್ನು ಒಟ್ಟು ನೂರಿಪ್ಪತ್ತೈದು ವರ್ಷದ ಇಬ್ಬರು ಹಿಂದಕ್ಕೆ ನೂಕಿದರು. ಬೇಕರಿ ಮುಂದೆ ಟೀ ಕುಡಿಯುತ್ತಿದ್ದವನೊಬ್ಬ “ಅಂಕಲ್, ಪೆಟ್ರೋಲ್ ಖಾಲಿನಾ?” ಎಂದ. “ಟೆಕ್ನಿಕಲ್ ವಿಷಯ,” ಎಂದು ಏದುಸಿರಿನ ನಡುವೆಯೂ ಗೌರೀಶಂಕರ ಗಾಂಭೀರ್ಯ ಬಿಡಲಿಲ್ಲ. ಬೈರಣ್ಣ ತಲೆ ಬಗ್ಗಿಸಿ ನೂಕುತ್ತಿದ್ದರು. ಅವರ ಬಿಳಿ ಶರ್ಟು ಬೆನ್ನಿಗೆ ಅಂಟಿತ್ತು. ಮುಖದ ಮೇಲಿದ್ದದ್ದೆಲ್ಲ ಬೆವರೇ ಎಂದು ಗೌರೀಶಂಕರ ತೀರ್ಮಾನಿಸಿ ಬೇರೆ ಕಡೆ ನೋಡಿದರು. ಅವರ ಸರ್ವೀಸಿನಲ್ಲಿ ಪರೀಕ್ಷಿಸದೆ ಪಾಸು ಮಾಡಿದ್ದು ಅದೊಂದೇ.

ಮುಖ್ಯರಸ್ತೆಯ ಗದ್ದಲ ಸೇರಿದ ಮೇಲೆ ಎಂಜಿನ್ ಹಚ್ಚಿ ಅಂಗಡಿಗೆ ಮರಳಿದರು. ಬೈರಣ್ಣ ಗೇರಿನ ಗುಂಡನ್ನು ತಿರುಗಿಸಿ ಬಿಚ್ಚಿಕೊಂಡು, “ಇದ್ನ ತಗೋತೀನಿ. ಗಾಡಿ ಬೇಡ,” ಎಂದರು.

“ಹೇಗಿದ್ರೂ ಬಿಸಾಕ್ತಿದ್ವಿ ಅಂಕಲ್,” ಎಂದ ವಿಷ್ಣು.

ಬೈರಣ್ಣ ಗುಂಡನ್ನು ಕರ್ಚೀಫಿನಲ್ಲಿ ಸುತ್ತಿ ಎದೆಯ ಜೇಬಿಗೆ ಹಾಕಿ ಸ್ಕೂಟರ್ ಹೊರಡಿಸಿದರು. ಹಿಂದೆ ಕೂತ ಗೌರೀಶಂಕರ ಸುಮ್ಮನಿರಬೇಕೆಂದು ನಿಜವಾಗಿಯೂ ಪ್ರಯತ್ನಿಸಿದರು. ಆದರೆ ಪ್ಯಾಡು ತೊಡೆಯ ಮೇಲಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ಕಾಲಂ ಖಾಲಿ ಬಿಟ್ಟವರಲ್ಲ. ಸಿಗ್ನಲ್ ಬಿತ್ತು.

“ಬೈರಣ್ಣೋರೇ, ನಲವತ್ತೆರಡನೇದೊಂದು ಉಳಿದಿದೆ. ಗಾಡಿ ಬೇಡ ಅನ್ನೋದಕ್ಕೆ ಕಾರಣ ಏನು ಅಂತ ಹಾಕ್ಲಿ? ಸೈಲೆನ್ಸರಾ, ಸಸ್ಪೆನ್ಷನ್ನಾ?”

ಬೈರಣ್ಣ ತಿರುಗಿ ನೋಡಲಿಲ್ಲ.

“ಮಗ ಸತ್ತೋಗವ್ನೆ ಅಂತ ಹಾಕ್ಕಳಿ ಸಾರ್.”