ರಾಕೆಟ್ಟಿಗೆ ಹೊಡೆದ ಗುಂಡು

ಮೊದಲು ಸದ್ದೇ ಇರಲಿಲ್ಲ. ಬಿಳಿ ಬೆಳಕು, ಅಷ್ಟೇ. ಆಮೇಲೆ ಸದ್ದು. ಆಮೇಲೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಕೊಂಡು, ಅವು ತನ್ನವಲ್ಲವೆಂಬಂತೆ, ಶೆಡ್ಡಿನಿಂದ ಹೊರಗೆ ನಡೆದು ಬಂದ. ಇಷ್ಟು ವರ್ಷಗಳ ಮೇಲೂ ಇದನ್ನು ನಾನು ಇದೇ ಕ್ರಮದಲ್ಲಿ ನೋಡುತ್ತಿರುತ್ತೇನೆ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ.

ಕೇರಳದ ಕಡಲ ತೀರದಲ್ಲಿ ದೇಶದ ರಾಕೆಟ್ ಕೆಲಸ ಶುರುವಾಗಿದ್ದ ಕಾಲ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಅಲ್ಲಿಗೆ ಸೇರಿದ್ದೆ. ಮೊದಮೊದಲು ಹಾರಿಸಿದವು ಪರದೇಶದ ರಾಕೆಟ್‌ಗಳು. ಅವುಗಳ ಭಾಗಗಳನ್ನು ಸೈಕಲ್ಲಿನ ಮೇಲಿಟ್ಟು ತಳ್ಳಿಕೊಂಡು ಹೋಗುತ್ತಿದ್ದೆವು. ನಮ್ಮದೇ ರಾಕೆಟ್ ಮಾಡಬೇಕು, ಮುಂದೊಂದು ದಿನ ಅದರ ತಲೆಯ ಮೇಲೆ ಉಪಗ್ರಹ ಇಟ್ಟು ಕಳಿಸಬೇಕು ಎಂದು ಹೊರಗೆ ಹೇಳಿದರೆ ಜನ ನಗುತ್ತಿದ್ದರು. ನನ್ನದು ರಾಕೆಟ್ಟಿಗೆ ತುಂಬುವ ಇಂಧನ ಕಲಸುವ ಕೆಲಸ. ನಮ್ಮ ಕಡೆ ಕೋವಿಗೆ ತುಂಬುವುದನ್ನು ಮದ್ದು ಅನ್ನುತ್ತಾರೆ. ನಾನೂ ಮನೆಯಲ್ಲಿ ಮದ್ದು ಅಂತಲೇ ಹೇಳಿದ್ದೆ. ಅವ್ವ ಎಷ್ಟೋ ದಿನ ನಾನು ಔಷಧಿ ಅಂಗಡಿಯಲ್ಲಿದ್ದೇನೆ ಅಂದುಕೊಂಡಿದ್ದಳಂತೆ.

ಶೆಡ್ಡಿನಲ್ಲಿ ಆ ಮದ್ದು ಹೊತ್ತಿಕೊಂಡು, ನಾನು ಹುಬ್ಬು ಸುಟ್ಟುಕೊಂಡು ಸುಂಟಿಕೊಪ್ಪದ ಬಳಿಯ ನಮ್ಮ ಮನೆಗೆ ಬಂದಾಗ ಅವಳಿಗೆ ನಿಜ ತಿಳಿಯಿತು.

"ನೀ ಇನ್ನ್ ಅಲ್ಲಿಗೆ ಹೋಕೆ ಇಲ್ಲೆ," ಅಂದಳು.

ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ತನ್ನ ಕೈಕೆಳಗೇ ನನಗೊಂದು ಕೆಲಸಕ್ಕೆ ಮಾಲೀಕರ ಹತ್ತಿರ ಮಾತಾಡಿಯೂ ಬಿಟ್ಟಿದ್ದ. ನನ್ನ ರಜೆ ಮುಗಿಯುತ್ತ ಬಂದಿತ್ತು. ಹೋಗುತ್ತೇನೆ ಅನ್ನಲು ಬಾಯಿ ಬರಲಿಲ್ಲ, ಹೋಗುವುದಿಲ್ಲ ಅನ್ನಲು ಮನಸ್ಸು ಬರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು: ನಮ್ಮಲ್ಲೇ ಮಾಡಿದ ಪುಟ್ಟ ರಾಕೆಟ್ ಹಾರಿದೆ. ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ದೊಡ್ಡಪ್ಪ ಎದ್ದು ಒಳಗೆ ಹೋಗಿ ಜೋಡಿ ನಳಿಗೆಯ ಕೋವಿ ತಂದರು.

"ಮನೆಲಿ ಗಂಡು ಹುಟ್ಟಿರೆ ಒಂದ್ ಗುಂಡು ಹೊಡಿಯೊದು ಕ್ರಮ. ಇದ್ ನಮ್ಮ ಮಗುನೇ ಅಲ್ಲನಾ?"

ತಡೆಯುವ ಮೊದಲೇ ಹೊಡೆದರು. ನಾನು ಕಿರುಚಿಕೊಂಡು ಅಂಗಳಕ್ಕೆ ಬಿದ್ದೆ. ಮತ್ತೆ ಬಿಳಿ ಬೆಳಕು, ಮತ್ತೆ ಆ ಕೈಗಳು. ನನ್ನ ಕಿರುಚಾಟಕ್ಕೆ ಬೆಚ್ಚಿದ ದೊಡ್ಡಪ್ಪನ ಬೆರಳು ಇನ್ನೊಂದು ನಳಿಗೆಯ ಕುದುರೆಯನ್ನೂ ಎಳೆದುಬಿಟ್ಟಿತು. ಎರಡನೆಯ ಗುಂಡೂ ಆಕಾಶಕ್ಕೆ ಹೋಯಿತು.

ದೊಡ್ಡಪ್ಪ ಕೋವಿ ಇಳಿಸಿ, "ಕೆಟ್ಟತಲ್ಲಾ," ಅಂದರು.

ನಮ್ಮಲ್ಲಿ ಒಂದು ಗುಂಡು ಹುಟ್ಟಿಗೆ. ಬೆನ್ನಿಗೆ ಬೆನ್ನು ಎರಡು ಗುಂಡು ಹೊಡೆದರೆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ಸುಟ್ಟುಕೊಂಡು ಬಂದ ಹುಡುಗ ಆ ಮನೆಯಲ್ಲಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ಸತ್ತವರು ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ.

ಎಸ್ಟೇಟಿನ ಲೈನ್ ಮನೆಗಳ ಆಳುಗಳು ಕಾಫಿ ಹಣ್ಣಿನ ಪಿಕ್ಕಿಂಗ್ ಬಿಟ್ಟು ಓಡಿ ಬಂದರು. ಮೇಲಿನ ತೋಟದವರು ಬಿಳಿ ಬಟ್ಟೆ ಉಟ್ಟೇ ಬಂದರು. ನೆರೆಮನೆಯ ಅತ್ತೆ ಗೇಟಿನಿಂದಲೇ ನನ್ನ ಗುಣಗಾನ ಮಾಡಿ ಅಳುತ್ತ ಬಂದಳು. ಬಂದವರಿಗೆಲ್ಲ ಕಾಫಿ ಕೊಡಲು ಲೋಟ ಹಿಡಿದು ಎದುರಿಗೆ ನಿಂತವನು ನಾನೇ.

"ಅಯ್ಯೋ ಮಾರಾಯ," ಅಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತ, "ನೀನೇ ಕಾಫಿ ಕೊಟ್ಟರೆ ನಾ ಯಾರಿಗೆ ಅಳೊದು?"

ಅಂಗಳವೆಲ್ಲ ನಕ್ಕಿತು. ನಕ್ಕು ಮುಗಿದ ಮೇಲೆ, ಅಷ್ಟು ಜನ ಸೇರಿದ್ದೇ ಸೇರಿದ್ದು, ನನ್ನ ವಿಚಾರಣೆ ಶುರುವಾಯಿತು. ಮೇಲಿನ ತೋಟದ ಹಿರಿಯರೊಬ್ಬರು, "ಬದ್ಕಿಯಲ್ಲ, ಸಾಕ್. ಇನ್ನ್ ಆ ಪಟಾಕಿ ಅಂಗಡಿಗೆ ಹೋಗ್ಬೇಡ. ಉಣ್ಣಕೆ ಅಕ್ಕಿ ಇಲ್ಲದ ದೇಶಕ್ಕೆ ರಾಕೆಟ್ ಎಂತಕೆ?" ಅಂದರು.

ಅಲ್ಲಿಯವರೆಗೆ ಬಾರದ ಬಾಯಿ ಆಗ ಬಂತು.

"ಅಕ್ಕಿ ಇಲ್ಲದವ್ರ್ ಮೇಲೆ ನೋಡಿಕೆ ಆಗದ್ ಅಂತ ಯಾರ್ ಹೇಳ್ದ್? ನಮ್ಮ ಕೈಲಿ ಆಗದ್ ಅಂತ ಪರದೇಶದವ್ರ್ ನಗಾಡ್ದೆ ಸಾಲದಾ, ನೀವೂ ನಗಾಡೊಕಾ?" ಹಿರಿಯರಿಗೆ ಕೊಡಬೇಕಿದ್ದ ಲೋಟವನ್ನು ಹಿಂದಕ್ಕೆಳೆದುಕೊಂಡೆ. "ನಂಗೆ ಹೆದರಿಕೆ ಉಟ್ಟು. ಕೋವಿ ಸದ್ದಿಗೇ ಬಿದ್ದೆ. ಆದ್ರೂ ನಾ ಅಲ್ಲಿಗೆ ಹೋನೆ."

ಎಲ್ಲರೂ ಅವ್ವನ ಮುಖ ನೋಡಿದರು. ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡಳು.

"ನನ್ನ ಮಗ ಸತ್ತ ಅಂತ ಊರೇ ಬಾತ್," ಅಂದಳು. "ಇನ್ನ್ ನಂಗೆ ಹೆದರಿಕೆ ಎಂತ ಉಳ್ದುಟ್ಟು? ಹೋಗಲಿ."

ಅಪ್ಪ ಏನೋ ಹೇಳಲು ಹೊರಟ. "ನೀವು ಸುಮ್ನಿರಿ," ಅಂದು ಲೋಟ ತೊಳೆಯಲು ಒಳಗೆ ಹೋದಳು.

ರಜೆ ಮುಗಿಯುವ ಮೊದಲೇ ಮಡಿಕೇರಿ ಬಸ್ಸು ಹತ್ತಿದೆ. ಹೆದರಿಕೆಯೂ ಪಕ್ಕದಲ್ಲೇ ಕುಳಿತು ಬಂತು. ಬರಲಿ, ಅದಕ್ಕೆ ಬೇರೆ ಟಿಕೆಟ್ ಕೊಳ್ಳಬೇಕಾಗಿರಲಿಲ್ಲ. ಕೇರಳ ತಲುಪಿದಾಗ ಗೆಳೆಯ ಇನ್ನೂ ಆಸ್ಪತ್ರೆಯಲ್ಲಿದ್ದ. ಅವನ ಪಾಲಿನ ಕೆಲಸವೂ ನನ್ನದೇ ಎಂದರು ಅಧಿಕಾರಿಗಳು. ಶೆಡ್ಡಿನ ಬಾಗಿಲಲ್ಲಿ ನನ್ನ ಕಾಲುಗಳು ನಿಂತುಬಿಟ್ಟವು. ಅವ್ವ ಎಮ್ಮೆಗೆ ಬೈಯುವ ಮಾತಿನಲ್ಲೇ ಅವಕ್ಕೆ ಬೈದು ಒಳಗೆ ಹೋದೆ.